"ಅಣ್ಣ, ತುರಿಕೆಗೆ ಒಂದು ಟ್ಯೂಬ್ ಕೊಡಿ!"

ಮಳೆಗಾಲದ ಕಾಯಿಲೆಗೆ ಅಂಗಡಿ ಔಷಧಿ: ಎರಡು ದಿನ ಸುಖ, ಎರಡು ವರ್ಷ ಕೆರೆತ

ಮಡಿಕೇರಿ: ಶುಕ್ರವಾರ, ಸಂತೆಯ ದಿನ. ಕೈಯಲ್ಲಿ ಒಣಮೀನಿನ ಪೊಟ್ಟಣ, ಬಗಲಲ್ಲಿ ಒದ್ದೆ ಕೊಡೆ. ಬಸ್ಸಿಗೆ ಇನ್ನೂ ಹತ್ತು ನಿಮಿಷ ಉಂಟು. ಅಷ್ಟರಲ್ಲಿ ಮೆಡಿಕಲ್ ಶಾಪಿನ ಮುಂದೆ ನಿಂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುವ ಮಾತು ಒಂದೇ: "ಅಣ್ಣ, ತುರಿಕೆಗೆ ಒಂದು ಟ್ಯೂಬ್ ಕೊಡಿ."

ಎಲ್ಲಿ ತುರಿಕೆ? ಎಷ್ಟು ದಿನದಿಂದ? ಮನೆಯಲ್ಲಿ ಮತ್ತೆ ಯಾರಿಗೆ? ಕೇಳುವವರಿಲ್ಲ. ಹೇಳುವುದಕ್ಕೆ ಇವರಿಗೂ ನಾಚಿಕೆ. ಟ್ಯೂಬ್ ಕೈಗೆ ಬರ್ತದೆ, ಬಸ್ಸು ಹೊರಡ್ತದೆ. ಎರಡು ದಿನ ಹಚ್ಚಿದರೆ ತುರಿಕೆ ಮಾಯ. ಭಲೇ ಔಷಧಿ! ಹಚ್ಚುವುದು ನಿಲ್ಲಿಸಿದರೆ ಅದೇ ಜಾಗದಲ್ಲಿ ಇಮ್ಮಡಿ ತುರಿಕೆ. ಮತ್ತೆ ಅದೇ ಅಂಗಡಿ, ಅದೇ ಟ್ಯೂಬ್.

ಮಡಿಕೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ 3000 ಮಿ.ಮೀ. ಮೀರುತ್ತದೆ. ಭಾಗಮಂಡಲದ ಕಡೆ ಕೇಳುವುದೇ ಬೇಡ. ಕಕ್ಕಡ ತಿಂಗಳಲ್ಲಿ ಬಿಸಿಲಿನ ಮುಖ ಕಾಣುವುದೇ ಅಪರೂಪ. ಪ್ಲಾಸ್ಟಿಕ್ ಕೊಪ್ಪೆಯೊಳಗೆ ಬೆವರು, ಗಮ್‌ಬೂಟಿನೊಳಗೆ ನೀರು, ಒಲೆಯ ಮೇಲಿನ ಹಗ್ಗದಲ್ಲಿ ಅರೆ ಒಣಗಿದ ಬಟ್ಟೆ. ಗೋಡೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ಚರ್ಮವೊಂದು ಹೇಗೆ ಪಾರಾದೀತು?

ಆದರೆ ತುರಿಕೆ ಎಲ್ಲ ಒಂದೇ ಅಲ್ಲ. ಎಡವಟ್ಟು ಆಗುವುದೇ ಇಲ್ಲಿ.

ಉಂಗುರ ಕಂಡರೆ ಹುಳುಕಡ್ಡಿ

ತೊಡೆಸಂದು, ಸೊಂಟದ ಸುತ್ತ, ಕಂಕುಳಿನಲ್ಲಿ ಉಂಗುರದ ಹಾಗೆ ಎದ್ದ ಕೆಂಪು ಅಂಚು, ಅಂಚಿನಲ್ಲಿ ಹೊಟ್ಟು, ನಡುವೆ ಚರ್ಮ ತಿಳಿಯಾದಂತೆ ಕಂಡರೆ ಅದು ಹೆಚ್ಚಾಗಿ ಹುಳುಕಡ್ಡಿ, ಅರ್ಥಾತ್ ಗಜಕರ್ಣ. ಹೆಸರಿನಲ್ಲಿ ಹುಳು ಇದ್ದರೂ ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಇದು ಬೂಷ್ಟಿನ ಜಾತಿ, ಶಿಲೀಂಧ್ರ. ಒದ್ದೆ ಬಟ್ಟೆ, ಬಿಗಿ ಪ್ಯಾಂಟು, ಒಬ್ಬರ ಟವೆಲ್ ಇನ್ನೊಬ್ಬರಿಗೆ: ಇಷ್ಟಾದರೆ ಅದಕ್ಕೆ ಹಬ್ಬ.

ಮೊದಲೆಲ್ಲ ಕೆಲವು ವಾರದ ಮುಲಾಮಿಗೆ ಬಗ್ಗುತ್ತಿದ್ದ ಈ ಕಾಯಿಲೆ ಕಳೆದ ಹತ್ತು ಹದಿನೈದು ವರ್ಷಗಳಿಂದ ದೇಶದಾದ್ಯಂತ ಮೊಂಡು ಬಿದ್ದಿದೆ. ಇಂಥ ಮೊಂಡು ಶಿಲೀಂಧ್ರದ ಒಂದು ಬಗೆಗೆ 2020ರಲ್ಲಿ ಜಪಾನಿನ ಸಂಶೋಧಕರು 'ಟ್ರೈಕೊಫೈಟಾನ್ ಇಂಡೋಟಿನಿಯೆ' ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರೇ ಅದಕ್ಕೆ ಅಂಟಿತು! ಹೆಚ್ಚಾಗಿ ಬರೆಯುವ ಟರ್ಬಿನಾಫಿನ್ ಮಾತ್ರೆಗೂ ಇದು ಎಷ್ಟೋ ಸಲ ಜಗ್ಗುವುದಿಲ್ಲ.

ಟ್ಯೂಬಿನೊಳಗಿನ ಕರಾಮತ್ತು

ಅಂಗಡಿಯಲ್ಲಿ ಧಾರಾಳವಾಗಿ ಸಿಗುವ ಎಷ್ಟೋ ಟ್ಯೂಬುಗಳು ಕಲಬೆರಕೆ ಸಾರು ಇದ್ದಂತೆ. ಶಿಲೀಂಧ್ರಕ್ಕೊಂದು, ಕೀವಿಗೊಂದು, ಜೊತೆಗೆ ಕ್ಲೋಬೆಟಸಾಲ್‌ನಂಥ ಜೋರು ಸ್ಟೀರಾಯ್ಡ್. ಎರಡೇ ದಿನದಲ್ಲಿ ತುರಿಕೆ ನಿಲ್ಲಿಸುವುದು ಈ ಸ್ಟೀರಾಯ್ಡ್. ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ಕಾವಲನ್ನು ಮಲಗಿಸುತ್ತದೆ, ಅಷ್ಟೆ. ಕಾವಲು ಮಲಗಿದ ಮೇಲೆ ಕಳ್ಳನಿಗೆ ಮನೆಯೆಲ್ಲ ತನ್ನದೇ. ಉಂಗುರ ಅಳಿಸಿಹೋಗಿ, ಮಚ್ಚೆ ಹರಡಿಕೊಂಡು, ಡಾಕ್ಟರಿಗೂ ಗುರುತು ಸಿಗದ ಹಾಗೆ ಆಗ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯಲ್ಲಿ ಚರ್ಮ ತೆಳುವಾಗಿ, ಬಸುರಿ ಹೊಟ್ಟೆಯ ಗೆರೆಗಳಂಥ ಗೆರೆ ಬೀಳುತ್ತವೆ. ಆ ಗೆರೆ ಪೂರ್ತಿ ಮಾಸುವುದಿಲ್ಲ.

ಕಾನೂನು ಇಲ್ಲವೇ? ಉಂಟು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಕೂಡದು. ಕಾನೂನು ಗೆಜೆಟ್ಟಿನಲ್ಲಿ ಉಂಟು, ಟ್ಯೂಬ್ ಕೌಂಟರಿನಲ್ಲಿ ಉಂಟು. ಎರಡಕ್ಕೂ ಭೇಟಿಯಾಗುವುದು ಯಾವಾಗ?

ರಾತ್ರಿ ಕೆರೆತವೋ? ಕಜ್ಜಿ ಇರಬಹುದು

ಇನ್ನೊಂದು ತುರಿಕೆ ಹಗಲು ಸುಮ್ಮನಿದ್ದು, ಕಂಬಳಿ ಹೊದ್ದು ಮೈ ಬೆಚ್ಚಗಾದ ಕೂಡಲೇ ಶುರು. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಗುಪ್ತಾಂಗದಲ್ಲಿ ಸಣ್ಣ ಸಣ್ಣ ಗುಳ್ಳೆ. ಮನೆಯಲ್ಲಿ ಇನ್ನೊಬ್ಬರೂ ಕೆರೆಯುತ್ತಿದ್ದರೆ ಅದು ಕಜ್ಜಿ ಎಂಬ ಅನುಮಾನ ಬಲವಾಗಬೇಕು.

ಇದು ಮಾತ್ರ ನಿಜವಾಗಿ ಹುಳು. ಅರ್ಧ ಮಿಲಿಮೀಟರೂ ಇಲ್ಲದ ಹೆಣ್ಣುಹುಳು ಚರ್ಮದೊಳಗೆ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೊದಲ ಸಲ ಅಂಟಿದಾಗ ತುರಿಕೆ ಕಾಣಿಸುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಜೊತೆಗೆ ಮಲಗುವವರಿಗೆಲ್ಲ ಪ್ರಸಾದ ಹಂಚಿ ಆಗಿರುತ್ತದೆ. ಕೆರೆದು ಕೆರೆದು ಕೀವಾದರೆ ಮಕ್ಕಳ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಔಷಧಿ ಕಷ್ಟದ್ದಲ್ಲ. ಡಾಕ್ಟರು ಬರೆಯುವುದು ಹೆಚ್ಚಾಗಿ ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮು. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿಯೂ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ಸ್ನಾನ. ಒಂದು ವಾರ ಕಳೆದು ಮತ್ತೊಮ್ಮೆ. ಗುಳ್ಳೆ ಇರುವಲ್ಲಿ ಮಾತ್ರ ಸವರಿದರೆ ದಂಡ. ಕೂಸುಗಳಿಗೆ, ಬಸುರಿಯರಿಗೆ ಡಾಕ್ಟರನ್ನು ಕೇಳದೆ ಹಚ್ಚಬಾರದು. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಔಷಧಿ ಸೋತಿತು ಅಂತ ದಿನಾ ಹಚ್ಚುತ್ತಾ ಹೋಗಬಾರದು.

ಒಬ್ಬರಿಗೆ ಔಷಧಿ, ಐವರಿಗೆ ಕಜ್ಜಿ

ಕಷ್ಟ ಇರುವುದು ಔಷಧಿಯಲ್ಲಿ ಅಲ್ಲ, ಲೈನ್ ಮನೆಯ ಲೆಕ್ಕದಲ್ಲಿ. ಒಂದೇ ಕೋಣೆ, ಐದು ಜನ, ಎರಡು ಕಂಬಳಿ. ದುಡಿಯುವವನಿಗೆ ಒಂದು ಟ್ಯೂಬ್ ತರುತ್ತಾರೆ, ಉಳಿದವರು ಹಾಗೇ. ಅವನಿಗೆ ವಾಸಿಯಾಗುವ ಹೊತ್ತಿಗೆ ಮಗನಿಂದ ಮತ್ತೆ ಅಂಟಿತು. ಕೆರೆಯದವರೂ ಸೇರಿ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಮರುದಿನ ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಒಗೆಯಬೇಕು. ಮಳೆಯಲ್ಲಿ ಕಂಬಳಿ ಒಣಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ನಾಲ್ಕು ದಿನ ಇಟ್ಟರೂ ಸರಿ. ಮೈ ಬಿಟ್ಟ ಹುಳು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಆದರೆ ಐದು ಜನರ ಕ್ರೀಮಿಗೆ ದುಡ್ಡು? ಆಸ್ಪತ್ರೆಗೆ ಹೋದ ದಿನದ ಕೂಲಿ? ಮನೆ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯದ ಹೊಣೆಯನ್ನು ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿ 1951ರಲ್ಲೇ ಕಾಯ್ದೆ ಬಂದಿತ್ತು. ಕಾಫಿ ಗಿಡಕ್ಕೆ ಬೋರರ್ ಹುಳು ಬಿದ್ದರೆ ತೋಟವಿಡೀ ಹುಡುಕಿಸುವ ಸಾಹುಕಾರರು, ಲೈನಿಗೆ ಕಜ್ಜಿ ಹುಳು ಬಿದ್ದರೆ ಒಂದು ದಿನ ಎಲ್ಲರಿಗೂ ಒಟ್ಟಿಗೆ ಔಷಧಿ ಹಚ್ಚಿಸಬಾರದೇ? ಕೆಲಸಗಾರ ರಾತ್ರಿ ನಿದ್ದೆ ಮಾಡಿದರೆ ಹಗಲು ಕೆಲಸವೂ ನಡೆದೀತು.

ನಾಚಿಕೆ ಬಿಡಿ, ತೋರಿಸಿ

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಣ್ಣುವುದು ನಮ್ಮ ಪದ್ಧತಿ, ಉಣ್ಣೋಣ. ಆದರೆ ಹುಳುಕಡ್ಡಿ, ಕಜ್ಜಿಗೆ ಅದನ್ನೇ ನಂಬಿ ಕೂರುವುದು ಬೇಡ. ಮುಖ, ಕತ್ತು, ಕಣ್ಣರೆಪ್ಪೆ ಮಾತ್ರ ಉರಿದು ತುರಿಸಿದರೆ ಕಾಂಗ್ರೆಸ್ ಗಿಡದ ಅಲರ್ಜಿ ಇರಬಹುದು. ತುರಿಕೆಯೇ ಇಲ್ಲದ, ಮುಟ್ಟಿದರೆ ತಿಳಿಯದ ಬಿಳಚು ಮಚ್ಚೆ ಇದ್ದರೆ ತಡಮಾಡದೆ ತೋರಿಸಬೇಕು. ಅದು ಕುಷ್ಠ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, ಪೂರ್ತಿ ವಾಸಿಯಾಗ್ತದೆ.

ಮಡಿಕೇರಿಯ ಜಿಲ್ಲಾಸ್ಪತ್ರೆ 2016ರಿಂದ ಮೆಡಿಕಲ್ ಕಾಲೇಜಿಗೆ ಸೇರಿದೆ. ಮಚ್ಚೆಯ ಹೊಟ್ಟನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಉಂಟೋ ಇಲ್ಲವೋ ತಿಳಿಯುತ್ತದೆ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೂ ಕೊಂಡುಹೋಗಿ. ಡಾಕ್ಟರಿಗೆ ಅರ್ಧ ಕಥೆ ಅದರಲ್ಲೇ ಸಿಗ್ತದೆ. ಹುಳುಕಡ್ಡಿ ಎಂದಾದರೆ ಮಚ್ಚೆ ಮಾಯವಾಯಿತು ಅಂತ ಔಷಧಿ ಬಿಡದೆ, ಹೇಳಿದಷ್ಟು ದಿನ ಮುಗಿಸಿ. ಒಳಉಡುಪಿಗೆ, ಸೊಂಟಪಟ್ಟಿಯ ಹೊಲಿಗೆಗೆ ಇಸ್ತ್ರಿ ಹಾಕಿ.

ಮೆಡಿಕಲ್ ಶಾಪಿನ ಅಣ್ಣಂದಿರಿಗೂ ಒಂದು ಮಾತು. ಟ್ಯೂಬ್ ತೆಗೆಯುವ ಮೊದಲು "ಮನೆಯಲ್ಲಿ ಮತ್ತೆ ಯಾರಿಗೆ ಉಂಟು?" ಅಂತ ಒಂದು ಮಾತು ಕೇಳಿ. ಒಬ್ಬ ಗಿರಾಕಿ ಟ್ಯೂಬ್ ಕೊಳ್ಳದೆ ಡಾಕ್ಟರ ಹತ್ತಿರ ಹೋದರೆ ಅಂಗಡಿ ಮುಳುಗುವುದಿಲ್ಲ. ಬಸ್ಸು ತಪ್ಪಿದರೆ ಇನ್ನೊಂದು ಬರ್ತದೆ.