ಗಾಜಿನ ನೆರೆಯಲ್ಲಿ ಬೆಳಗುವ ದ್ವಿಧ್ರುವ

ಸಂಜೆಯಾಯಿತೆಂದರೆ ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಅಂಗಡಿಗಳ ಎಲ್‌ಇಡಿ ಫಲಕಗಳು ಹೊತ್ತಿಕೊಳ್ಳುತ್ತವೆ. ಇವುಗಳಲ್ಲಿ ನೀಲಿ ಬೆಳಕನ್ನು ಬೀರುವ ದೀಪಗಳ ತಿರುಳು ಗ್ಯಾಲಿಯಂ ನೈಟ್ರೈಡ್ ಆಧಾರದ ಸ್ಫಟಿಕ; ಅದರ ವಕ್ರೀಭವನಾಂಕ ಸುಮಾರು 2.4. ಸ್ಫಟಿಕದೊಳಗೆ ಹುಟ್ಟಿದ ಬೆಳಕು ಸಮತಟ್ಟಾದ ಮೇಲ್ಮೈಯನ್ನು ದಾಟಿ ಗಾಳಿಗೆ ಬರಬೇಕಾದರೆ ಲಂಬರೇಖೆಯಿಂದ 25 ಡಿಗ್ರಿಗಳೊಳಗೆ ಸಾಗಿಬರಬೇಕು. ಉಳಿದುದು ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಹಿಂದಿರುಗುತ್ತದೆ. ಬೆಳಕು ಎಲ್ಲ ದಿಕ್ಕುಗಳಿಗೂ ಸಮನಾಗಿ ಹೊರಟಿತೆಂದು ಭಾವಿಸಿದರೆ, ಈ ಕಿರಿದಾದ ಶಂಕುವಿನೊಳಗೆ ಬೀಳುವ ಪಾಲು ನೂರಕ್ಕೆ ಐದನ್ನೂ ಮುಟ್ಟದು! ಮೇಲ್ಮೈಯನ್ನು ತರಿತರಿಯಾಗಿಸಿ, ಗುಮ್ಮಟದಂತಹ ಹೊದಿಕೆ ತೊಡಿಸಿ ತಯಾರಕರು ಬಂದಿಯಾದ ಬೆಳಕನ್ನು ಬಿಡಿಸಿಕೊಳ್ಳುತ್ತಾರೆ. ಯಾವ ಉಪಾಯದಿಂದ ಎಷ್ಟು ಲಾಭವೆಂಬುದನ್ನು ದೀಪ ತಯಾರಾಗುವ ಮೊದಲೇ ಲೆಕ್ಕ ಹಾಕಿ ತಿಳಿಯುವುದು ಅವಶ್ಯಕ.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಬೆಳಕಿನ ಮೂಲಕ್ಕೆ ಮೇಲ್ಮೈಯ ಪರಿವೆಯೇ ಇಲ್ಲವೆಂದು ನಾವು ಭಾವಿಸಿದೆವು. ಮೂಲವು ಮೇಲ್ಮೈಯಿಂದ ಬೆಳಕಿನ ಒಂದು ಅಲೆಯುದ್ದಕ್ಕಿಂತ ಕಡಿಮೆ ದೂರದಲ್ಲಿದ್ದರೆ ಈ ಊಹೆ ನಿಲ್ಲುವುದಿಲ್ಲ.

ಬೆಳಕನ್ನು ಬೀರುವ ಅಣುವನ್ನು ಭೌತವಿಜ್ಞಾನಿಗಳು ಒಂದು ದ್ವಿಧ್ರುವವೆಂದು ಪರಿಗಣಿಸುತ್ತಾರೆ. ಸಮನಾದ ಧನ ಮತ್ತು ಋಣ ಆವೇಶಗಳು ಅತ್ಯಲ್ಪ ಅಂತರದಲ್ಲಿ ತುಯ್ದಾಡುತ್ತಿದ್ದರೆ ಅದೇ ಅತಿ ಚಿಕ್ಕ ಆಂಟೆನಾ. ಗಾಜಿನಂತಹ ವಸ್ತುವು ವಿದ್ಯುತ್ತನ್ನು ಹರಿಯಗೊಡದಿದ್ದರೂ ಅದರೊಳಗಿನ ಆವೇಶಗಳು ವಿದ್ಯುತ್ ಕ್ಷೇತ್ರದ ಪ್ರಭಾವಕ್ಕೆ ತುಸು ಸರಿಯುತ್ತವೆ. ಇಂತಹುದಕ್ಕೆ ಪರಾವೈದ್ಯುತ ವಸ್ತುವೆಂದು ಹೆಸರು. ನೆಲದ ಮೇಲಿನ ರೇಡಿಯೋ ಆಂಟೆನಾ ಹೇಗೆ ವರ್ತಿಸುವುದೆಂಬುದನ್ನು ಜರ್ಮನಿಯ ಆರ್ನಾಲ್ಡ್ ಸಾಮರ್‌ಫೆಲ್ಡ್ 1909ರಲ್ಲಿಯೇ ಗಣಿತದಿಂದ ಸಾಧಿಸಿದನು. ನೆಲದ ಬದಲು ಗಾಜು, ಕಂಬದ ಬದಲು ಅಣು ಎಂದುಕೊಂಡರೆ ನಮ್ಮ ಸಮಸ್ಯೆಯೂ ಅದೇ.

ಗಾಜಿನ ಮೇಲ್ಮೈಗೆ ತಾಗಿದಂತೆ, ಅದಕ್ಕೆ ಸಮಾಂತರವಾಗಿ ಒಂದು ದ್ವಿಧ್ರುವ ಮಲಗಿದೆಯೆನ್ನೋಣ. ಅದು ನೇರ ಮೇಲಕ್ಕೆ ಹೆಚ್ಚು ಬೆಳಕನ್ನು ಬೀರುವುದೋ, ನೇರ ಕೆಳಕ್ಕೋ? ಗಾಜಿಗೆ ತಗುಲಿ ಪ್ರತಿಫಲಿಸಿದ ಬೆಳಕೂ ಸೇರುವುದರಿಂದ ಮೇಲಕ್ಕೇ ಹೆಚ್ಚೆಂದು ತೋರುವುದು ಸಹಜ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಕೆಳಕ್ಕೆ ಹೋಗುವ ತೀವ್ರತೆಯು ಮೇಲಕ್ಕೆ ಹೋಗುವುದರ ಪಾಲಿಗೆ ಗಾಜಿನ ವಕ್ರೀಭವನಾಂಕದ ಘನದಷ್ಟು. 1.5ರ ಘನ 3.375. ಕಾರಣವನ್ನು ಪದವಿ ತರಗತಿಯ ವಿದ್ಯಾರ್ಥಿಗಳೇ ಕಾಣಬಹುದು. ದೂರದಿಂದ ಬಂದ ಅಲೆಯೊಂದು ದ್ವಿಧ್ರುವವಿರುವ ತಾಣದಲ್ಲಿ ಎಷ್ಟು ಕ್ಷೇತ್ರವನ್ನು ಉಂಟುಮಾಡುವುದೋ, ಅದೇ ಪ್ರಮಾಣದಲ್ಲಿ ದ್ವಿಧ್ರುವವು ಆ ದಿಕ್ಕಿಗೆ ಅಲೆಯನ್ನು ಕಳುಹಿಸುತ್ತದೆ. ಗಾಜಿನೊಳಗಿಂದ ಲಂಬವಾಗಿ ಬರುವ ಅಲೆ ಮೇಲ್ಮೈಯಲ್ಲಿ ಉಂಟುಮಾಡುವ ಕ್ಷೇತ್ರ, ಗಾಳಿಯಿಂದ ಬರುವ ಅಷ್ಟೇ ಎತ್ತರದ ಅಲೆಯದಕ್ಕಿಂತ 1.5 ಪಟ್ಟು ಹೆಚ್ಚು. ತೀವ್ರತೆಗೆ ಇದರ ವರ್ಗ. ಗಾಜಿನಲ್ಲಿ ಅದೇ ಕ್ಷೇತ್ರ ಹೊರುವ ಶಕ್ತಿಪ್ರವಾಹ ಇನ್ನೂ 1.5 ಪಟ್ಟು. ಒಟ್ಟಿನಲ್ಲಿ ಘನ.

ಇನ್ನೊಂದು ಕೌತುಕವಿದೆ. ಗಾಳಿಯಿಂದ ಗಾಜನ್ನು ಹೊಕ್ಕ ಕಿರಣ ಲಂಬದಿಂದ 41.8 ಡಿಗ್ರಿಗಳಿಗಿಂತ ಹೊರಕ್ಕೆ ಸಾಗಲಾರದೆಂದು ನಾವೆಲ್ಲ ಓದಿದ್ದೇವೆ. ಅದೇ ಕ್ರಾಂತಿಕೋನ. ಆದರೂ ನಮ್ಮ ದ್ವಿಧ್ರುವದ ಬೆಳಕು ಆ ಎಲ್ಲೆಯ ಆಚೆಗೂ ಸಾಗುತ್ತದೆ! ದ್ವಿಧ್ರುವದ ಸುತ್ತ ದೂರ ಹರಡದೆ ಅಲ್ಲಿಯೇ ಕ್ಷೀಣಿಸುವ ಸಮೀಪಕ್ಷೇತ್ರವೊಂದಿದ್ದು, ಗಾಜು ಅದನ್ನು ಹಿಡಿದು ಬೆಳಕಾಗಿ ಹರಿಯಬಿಡುತ್ತದೆ. ದ್ವಿಧ್ರುವಕ್ಕೆ ಅಡ್ಡಲಾಗಿರುವ ಲಂಬ ಸಮತಲದಲ್ಲಿ, ಸರಿಯಾಗಿ ಕ್ರಾಂತಿಕೋನದ ದಿಕ್ಕಿನಲ್ಲಿ, ತೀವ್ರತೆಯು ನೇರ ಕೆಳಗಿನದರ ಸುಮಾರು 2.8 ಪಟ್ಟಿಗೇರಿ ಚೂಪಾದ ಶಿಖರವಾಗುತ್ತದೆ. ದ್ವಿಧ್ರುವವನ್ನು ಒಂದು ಅಲೆಯುದ್ದದಷ್ಟು ಮೇಲಕ್ಕೆತ್ತಿದರೆ ಎಲ್ಲೆಯಾಚೆಯ ಬೆಳಕು ಬಹುಪಾಲು ಮಾಯವಾಗುತ್ತದೆ.

ಗಾಜು ಸಮತಟ್ಟಾಗಿರುವವರೆಗೆ ಕಾಗದ, ಪೆನ್ಸಿಲು ಸಾಕು. ತರಿತರಿಯಾದರೆ ಗಣಕಯಂತ್ರವೇ ಗತಿ. 1966ರಲ್ಲಿ ಕೇನ್ ಯೀ ಎಂಬಾತ ಇದಕ್ಕೊಂದು ಸರಳ ವಿಧಾನವನ್ನು ಪ್ರಕಟಿಸಿದನು: ಆಕಾಶವನ್ನು ಪುಟ್ಟ ಘನಾಕೃತಿಯ ಕೋಶಗಳಾಗಿ ವಿಭಜಿಸಿ, ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನನುಸರಿಸಿ ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಸರದಿಯಂತೆ ಒಂದೊಂದು ಕ್ಷಣ ಮುಂದೊಯ್ಯುವುದು. 500 ನ್ಯಾನೊಮೀಟರ್ ಅಲೆಯುದ್ದದ ಬೆಳಕಿಗೆ 10 ನ್ಯಾನೊಮೀಟರ್ ಬದಿಯ ಕೋಶಗಳನ್ನು ಆರಿಸಿದರೆ, ಎರಡು ಮೈಕ್ರೊಮೀಟರ್ ಬದಿಯ ಪೆಟ್ಟಿಗೆಯಲ್ಲಿ 80 ಲಕ್ಷ ಕೋಶಗಳು. ಕೋಶಕ್ಕೆ ಆರರಂತೆ 4.8 ಕೋಟಿ ಸಂಖ್ಯೆಗಳನ್ನು ನೆನಪಿಡಬೇಕು. ಬೆಳಕಿನ ಒಂದು ತುಯ್ತಕ್ಕೆ ಸುಮಾರು 90 ಬಾರಿ ಅವನ್ನೆಲ್ಲ ಹೊಸದಾಗಿ ಎಣಿಸಬೇಕು. ಮಾರತ್ತಹಳ್ಳಿಯ ಬಾಡಿಗೆ ಕೋಣೆಗಳಲ್ಲಿ ತಂತ್ರಾಂಶ ಕಲಿಯುವ ತರುಣರ ಲ್ಯಾಪ್‌ಟಾಪುಗಳಿಗೆ ಇದು ಹೊರಲಾರದ ಹೊರೆಯಲ್ಲ.

ತೊಡಕಿರುವುದು ಪೆಟ್ಟಿಗೆಯ ಗೋಡೆಗಳಲ್ಲಿ. ಅನಂತವಾಗಿ ಹಬ್ಬಿದ ಗಾಜನ್ನು ನಾವು ಕತ್ತರಿಸಿದ್ದೇವೆ. ಗೋಡೆಗೆ ತಗುಲಿದ ಅಲೆ ಹಿಂದಿರುಗಿ, ನಿಜವಾಗಿ ಇಲ್ಲದ ಪಟ್ಟೆಗಳನ್ನು ಮೂಡಿಸುತ್ತದೆ. ಅಲೆಯನ್ನು ಪ್ರತಿಫಲಿಸದೆ ನುಂಗುವ ಪದರವನ್ನು ಫ್ರಾನ್ಸಿನ ಬೆರಾಂಜೆ 1994ರಲ್ಲಿ ರೂಪಿಸಿದ ಮೇಲೆ ಈ ಕಾಟ ತಗ್ಗಿತು. ಆದರೂ ತೆರೆಯ ಮೇಲಿನ ವರ್ಣಚಿತ್ರ ಸುಂದರವಾದ ಮಾತ್ರಕ್ಕೆ ಸತ್ಯವಾಗದು. ನಮ್ಮ ಅಭಿಪ್ರಾಯದಲ್ಲಿ, ತರಿತರಿಯಾದ ಮೇಲ್ಮೈಗೆ ಕೈಹಾಕುವ ಮುನ್ನ ಸಮತಟ್ಟಾದ ಗಾಜಿನ ಮೇಲೆ ಲೆಕ್ಕವನ್ನು ಪರೀಕ್ಷಿಸದವರು ಕತ್ತಲೆಯಲ್ಲಿ ನಡೆಯುತ್ತಾರೆ. ಮೊದಲು ಗಾಜನ್ನೇ ತೆಗೆದುಬಿಡಿ: ಮೇಲೆ ಕೆಳಗೆ ಬೆಳಕು ಸಮನಾಗಿರಬೇಕು. ಗಾಜನ್ನಿಟ್ಟು ದ್ವಿಧ್ರುವವನ್ನು ಮೇಲ್ಮೈಗೆ ತಾಗಿಸಿ: ಅನುಪಾತ 3.375ರ ಸಮೀಪಕ್ಕೆ ಬರಬೇಕು. ಪೆಟ್ಟಿಗೆಯನ್ನು ಹಿಗ್ಗಿಸಿದರೂ ಅದು ಕದಲಬಾರದು. ಬಳಿಕ ದ್ವಿಧ್ರುವವನ್ನು ಕಾಲು ಅಲೆಯುದ್ದ, ಎಂದರೆ 125 ನ್ಯಾನೊಮೀಟರ್, ಮೇಲಕ್ಕೆತ್ತಿ. ಈಗ ನೇರವಾಗಿ ಹೊರಟ ಅಲೆಯೂ ಪ್ರತಿಫಲಿತ ಅಲೆಯೂ ಮೇಲ್ಮುಖವಾಗಿ ಒಂದಕ್ಕೊಂದು ಒತ್ತಾಸೆಯಾಗಿ, ಅನುಪಾತ ಸರಿಯಾಗಿ 1.5ಕ್ಕಿಳಿಯಬೇಕು. ಏಕೆಂಬುದನ್ನು ಓದುಗರು ಲಂಬ ಪ್ರತಿಫಲನದ ಸೂತ್ರದಿಂದ ನಾಲ್ಕು ಸಾಲುಗಳಲ್ಲಿ ಸಾಧಿಸಬಹುದು.