ತಂಡವಾಗಿ ಭಾಗವಹಿಸುವ ಕೋಡಿಂಗ್ ಸ್ಪರ್ಧೆಗೆ 6ರಿಂದ 8ನೇ ತರಗತಿ ವಿದ್ಯಾರ್ಥಿಗಳ ಸಿದ್ಧತೆ – ಪೋಷಕರಿಗೆ ಹಾಗೂ ಶಿಕ್ಷಕರಿಗೆ ಮಾಹಿತಿ

ಪೀಠಿಕೆ

ಕಂಪ್ಯೂಟರ್ ಪಾಲಿಸಬೇಕಾದ ಸೂಚನೆಗಳನ್ನು ಕ್ರಮಬದ್ಧವಾಗಿ ಬರೆಯುವುದಕ್ಕೆ ಕೋಡಿಂಗ್ ಎನ್ನಲಾಗುತ್ತದೆ. ಹಿರಿಯ ಪ್ರಾಥಮಿಕ ಹಂತದ ವಿದ್ಯಾರ್ಥಿಗಳು ಈ ವಿಷಯದಲ್ಲಿ ತಂಡವಾಗಿ ಸ್ಪರ್ಧಿಸುವಾಗ ಸಾಮಾನ್ಯವಾಗಿ ಉಂಟಾಗುವ ದೋಷವೊಂದಿದೆ. ಮನೆಯಲ್ಲಿ ಕಂಪ್ಯೂಟರ್ ಇರುವ ಒಬ್ಬ ವಿದ್ಯಾರ್ಥಿ ಕೀಲಿಮಣೆಯ ಮುಂದೆ ಕುಳಿತಿರುತ್ತಾನೆ. ಉಳಿದವರು ನೋಡುತ್ತ ನಿಂತಿರುತ್ತಾರೆ. ಇದನ್ನು ತಪ್ಪಿಸುವುದೇ ತಂಡದ ಸಿದ್ಧತೆಯ ಮುಖ್ಯ ಭಾಗ.

ಸ್ಪರ್ಧೆಯ ಸ್ವರೂಪ

1998ರಲ್ಲಿ ಆರಂಭವಾದ ಫಸ್ಟ್ ಲೆಗೊ ಲೀಗ್ ಸ್ಪರ್ಧೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದರಲ್ಲಿ ಭಾರತದ ಶಾಲಾ ತಂಡಗಳೂ ಭಾಗವಹಿಸಿವೆ. 2024-25ನೇ ಸಾಲಿನ ಚಾಲೆಂಜ್ ವಿಭಾಗದ ಮುಖ್ಯ ನಿಯಮಗಳು ಕೆಳಕಂಡಂತಿದ್ದವು:

1. ತಂಡದಲ್ಲಿ ಗರಿಷ್ಠ 10 ವಿದ್ಯಾರ್ಥಿಗಳು.
2. ರೋಬೋಟ್ ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮಿನಂತೆ ತಾನಾಗಿಯೇ ಚಲಿಸತಕ್ಕದ್ದು. ರಿಮೋಟ್ ಬಳಸುವಂತಿಲ್ಲ.
3. ಪ್ರತಿ ಸುತ್ತಿಗೆ ಎರಡೂವರೆ ನಿಮಿಷ. ಮೂರು ಸುತ್ತುಗಳಲ್ಲಿ ಗಳಿಸಿದ ಅತ್ಯಧಿಕ ಅಂಕವನ್ನು ಪರಿಗಣಿಸಲಾಗುವುದು.
4. ಆರಂಭದಲ್ಲಿ 6 ಟೋಕನ್‌ಗಳಿದ್ದು, ನಿಗದಿತ ಜಾಗದ ಹೊರಗೆ ರೋಬೋಟನ್ನು ಕೈಯಿಂದ ಮುಟ್ಟಿದಲ್ಲಿ ಪ್ರತಿ ಬಾರಿ ಒಂದನ್ನು ಕಳೆದುಕೊಳ್ಳಬೇಕಾಗುತ್ತದೆ. 5 ಉಳಿದರೂ 50 ಅಂಕ ದೊರೆಯುತ್ತದೆ. 4 ಉಳಿದರೆ 35, 3 ಉಳಿದರೆ 25.
5. ರೋಬೋಟ್ ಆಟಕ್ಕೆ ಒಟ್ಟು ಮೌಲ್ಯಮಾಪನದ ನಾಲ್ಕನೇ ಒಂದು ಭಾಗ ಮಾತ್ರ. ರೋಬೋಟ್ ವಿನ್ಯಾಸ, ಸಂಶೋಧನಾ ಯೋಜನೆ ಹಾಗೂ ತಂಡದ ಮೌಲ್ಯಗಳಿಗೆ ತಲಾ ಅಷ್ಟೇ ಪಾಲು. ಇವುಗಳ ಬಗ್ಗೆ ತೀರ್ಪುಗಾರರು ತಂಡದೊಂದಿಗೆ ಮಾತನಾಡಿ ಪ್ರಶ್ನೆ ಕೇಳುತ್ತಾರೆ.

ಈ ನಿಯಮಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಮ್ಮೊಮ್ಮೆ ಮಾತ್ರ ಯಶಸ್ವಿಯಾಗುವ ಕ್ಲಿಷ್ಟ ಪ್ರೋಗ್ರಾಮಿಗಿಂತ ಪ್ರತಿ ಬಾರಿಯೂ ಯಶಸ್ವಿಯಾಗುವ ಸರಳ ಪ್ರೋಗ್ರಾಮ್ ಮೇಲು. ಒಬ್ಬನೇ ಕೆಲಸ ಮಾಡಿದ ತಂಡವು ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸಲಾರದು.

ಸಿದ್ಧತೆಯ ಹಂತಗಳು

ಅ) ಮೊದಲು ಕಾಗದದ ಮೇಲೆ ಲೆಕ್ಕ ಹಾಕುವುದು. ಚಕ್ರದ ವ್ಯಾಸ 5.6 ಸೆಂ.ಮೀ. ಇದ್ದಲ್ಲಿ ಅದರ ಪರಿಧಿ ಸುಮಾರು 17.6 ಸೆಂ.ಮೀ. ಆಗುತ್ತದೆ. ಆದ್ದರಿಂದ 88 ಸೆಂ.ಮೀ. ಸಾಗಲು ಚಕ್ರ 5 ಸುತ್ತು ತಿರುಗಬೇಕು. ಗಣಿತದ ಪಾಠ ಇಲ್ಲಿ ನೇರವಾಗಿ ಬಳಕೆಗೆ ಬರುತ್ತದೆ.

ಆ) ಪ್ರತಿ 15 ನಿಮಿಷಕ್ಕೊಮ್ಮೆ ಸ್ಥಾನ ಬದಲಿಸುವುದು. ಒಬ್ಬರು ಬರೆಯುವುದು, ಇನ್ನೊಬ್ಬರು ಓದಿ ತಪ್ಪು ಹುಡುಕುವುದು, ಮತ್ತೊಬ್ಬರು ಫಲಿತಾಂಶವನ್ನು ಪುಸ್ತಕದಲ್ಲಿ ದಾಖಲಿಸುವುದು. ಗಡಿಯಾರ ನೋಡಿ ಪಾಲಿಸದಿದ್ದಲ್ಲಿ ಈ ಕ್ರಮ ಉಳಿಯುವುದಿಲ್ಲ.

ಇ) ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, 10 ಸಲ ಓಡಿಸಿ ನೋಡುವುದು. ಅದೇ ಪ್ರೋಗ್ರಾಮ್ ಬೇರೆ ಫಲ ನೀಡಿದಲ್ಲಿ ಬ್ಯಾಟರಿಯ ಚಾರ್ಜ್, ಚಕ್ರದ ಧೂಳು ಹಾಗೂ ರೋಬೋಟ್ ಇರಿಸಿದ ಕೋನವನ್ನು ಪರಿಶೀಲಿಸುವುದು.

ಈ) ಸರಿಯಾಗಿ ನಡೆಯುತ್ತಿರುವ ಪ್ರೋಗ್ರಾಮಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡ ನಂತರವೇ ತಿದ್ದುಪಡಿ ಮಾಡುವುದು.

ಉ) ಕೊನೆಯ ವಾರಗಳಲ್ಲಿ ಎರಡೂವರೆ ನಿಮಿಷದ ಪೂರ್ಣ ಸುತ್ತುಗಳನ್ನು ಅಭ್ಯಾಸ ಮಾಡುವುದು. ತಾವು ಬರೆಯದ ಭಾಗವನ್ನೂ ಪ್ರತಿಯೊಬ್ಬ ಸದಸ್ಯರು ವಿವರಿಸಲು ಶಕ್ತರಾಗಿರಬೇಕು.

ಉಪಕರಣಗಳಿಲ್ಲದ ಶಾಲೆಗಳು

ರೋಬೋಟ್ ಕಿಟ್‌ಗಳು ದುಬಾರಿಯಾದ ಕಾರಣ ಅವುಗಳಿಲ್ಲದೆಯೇ ಅಭ್ಯಾಸ ಆರಂಭಿಸಬಹುದಾಗಿದೆ. 2007ರಲ್ಲಿ ಬಿಡುಗಡೆಯಾದ ಸ್ಕ್ರ್ಯಾಚ್ ತಂತ್ರಾಂಶವು ಉಚಿತವಾಗಿದ್ದು, ಒಮ್ಮೆ ಅಳವಡಿಸಿಕೊಂಡ ನಂತರ ಅಂತರಜಾಲ ಸಂಪರ್ಕವಿಲ್ಲದೆಯೂ ಕೆಲಸ ಮಾಡುತ್ತದೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯು 6ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ರೂಪಿತವಾಗಿದೆ. ಸಮೀಪದ ಶಾಲೆಯಲ್ಲಿ ಇಂತಹ ಪ್ರಯೋಗಾಲಯವಿದ್ದಲ್ಲಿ, ಅದರ ಬಳಕೆಯ ಬಗ್ಗೆ ಮುಖ್ಯೋಪಾಧ್ಯಾಯರ ಮುಖಾಂತರ ವಿಚಾರಿಸಬಹುದು.

ಪೋಷಕರ ಗಮನಕ್ಕೆ

• ಮಗುವಿನ ಪರವಾಗಿ ಪ್ರೋಗ್ರಾಮ್ ಬರೆದುಕೊಡಬಾರದು. ತೀರ್ಪುಗಾರರ ಮುಂದೆ ಉತ್ತರಿಸಬೇಕಾದವರು ಮಕ್ಕಳೇ.
• ಶುಲ್ಕ ಪಾವತಿಸುವ ಮುನ್ನ ವಯೋಮಿತಿ, ತಂಡದ ಗಾತ್ರ, ಸ್ಪರ್ಧೆಯ ಭಾಷೆ ಹಾಗೂ ಶುಲ್ಕ ಹಿಂಪಾವತಿಯ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು.
• ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಾಲಿನ ನಿಯಮಪುಸ್ತಕವನ್ನೇ ಆಧರಿಸುವುದು.
• ಅಭ್ಯಾಸವನ್ನು ಸಾಧ್ಯವಾದಷ್ಟೂ ಶಾಲಾ ಅವಧಿಯಲ್ಲಿಯೇ ಇರಿಸಿಕೊಳ್ಳುವಂತೆ ಶಿಕ್ಷಕರನ್ನು ಕೋರುವುದು. ಸಂಜೆ ತಡವಾಗಿ ನಡೆದರೆ ದೂರದ ಊರುಗಳಿಂದ ಬರುವ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಕ್ರಮೇಣ ತಂಡದಿಂದ ಹೊರಗುಳಿಯುತ್ತಾರೆ.

ಬಹುಮಾನವು ಕೆಲವೇ ತಂಡಗಳಿಗೆ ದೊರೆಯುತ್ತದೆ. ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವೂ ತನ್ನ ಸರದಿಯಲ್ಲಿ ಬರೆದು, ತಪ್ಪು ಕಂಡುಹಿಡಿದು ತಿದ್ದಲು ಕಲಿತಿದ್ದಲ್ಲಿ, ಆ ತಂಡದ ಸಿದ್ಧತೆ ಸಾರ್ಥಕವಾಗಿದೆ ಎಂದು ತಿಳಿಯಬಹುದು.