ಮಾವನವರ ಲೈಸೆನ್ಸ್ ತಾರೀಖು ನೋಡಿದ್ದೀರಾ?

ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್, ಮಕ್ಕಳ ಫೀಸು ಎಲ್ಲದರ ತಾರೀಖೂ ನಿಮಗೆ ಬಾಯಿಪಾಠ. ಆದರೆ ಮನೆಯ ಹಿರಿಯರ ಡ್ರೈವಿಂಗ್ ಲೈಸೆನ್ಸ್ ಯಾವಾಗ ಮುಗಿಯುತ್ತದೆ, ಗೊತ್ತಾ? ಇವತ್ತೇ ಕಾರ್ಡು ತೆಗೆಸಿ ನೋಡಿ. ಹಾಗೇ ನಿಮ್ಮದನ್ನೂ!

ಹಿಂದೆ ಅವಧಿ ಮುಗಿದರೂ 30 ದಿನ ವಿನಾಯಿತಿ ಇತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನು ತೆಗೆದುಹಾಕಿತು. ಈಗ ಅವಧಿ ಮುಗಿದ ಮರುದಿನದಿಂದಲೇ ಗಾಡಿ ಓಡಿಸುವಂತಿಲ್ಲ. ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು. ಅದಕ್ಕೇ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು. 55 ದಾಟಿದವರಿಗೆ ನವೀಕರಣ 5 ವರ್ಷಕ್ಕೊಮ್ಮೆ. ಇಂಥ ವಯಸ್ಸಿಗೆ ನಿಲ್ಲಿಸಬೇಕು ಎಂಬ ಕಾನೂನೇನೂ ಇಲ್ಲ.

ಸಿರವಾರ ತಾಲ್ಲೂಕು ಕೇಂದ್ರವಾಗಿದ್ದರೂ ಲೈಸೆನ್ಸ್ ಕೆಲಸಕ್ಕೆ ರಾಯಚೂರಿನ ಆರ್‌ಟಿಒ ಕಚೇರಿಯೇ ಗತಿ. ಅರ್ಜಿಯನ್ನು ಪರಿವಾಹನ್ ಜಾಲತಾಣದ ‘ಸಾರಥಿ’ಯಲ್ಲಿ ಮನೆಯಿಂದಲೇ ಹಾಕಬಹುದು. 40 ದಾಟಿದವರು ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಬಹಳ ಮಂದಿ ಡಾಕ್ಟರ ಸಹಿ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ಅದೇ ನೆಪದಲ್ಲಿ ಕಣ್ಣು, ಕಿವಿ, ಸಕ್ಕರೆ, ಬಿಪಿ ಎಲ್ಲವನ್ನೂ ನಿಜವಾಗಿ ಪರೀಕ್ಷೆ ಮಾಡಿಸಿ.

ಇಷ್ಟು ಗಮನದಲ್ಲಿರಲಿ:

* ಕಣ್ಣಿಗೆ ಪೊರೆ ಬಂದರೆ ಎದುರಿನ ಗಾಡಿಯ ಬೆಳಕು ಕುಕ್ಕುತ್ತದೆ. ನಮ್ಮ ಕಡೆ ಸುಗ್ಗಿಯಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರು, ರಸ್ತೆ ಮೇಲೇ ಒಣಹಾಕಿದ ಕಾಳು ಕತ್ತಲಲ್ಲಿ ಕಾಣುವುದೇ ಇಲ್ಲ. ರಾಯಚೂರಿಗೆ ಹೋದರೆ ಹೊತ್ತು ಮುಳುಗುವ ಮುಂಚೆ ಮನೆ ಸೇರಲಿ.
* ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹಸಿದು ಗಾಡಿ ಹತ್ತಬಾರದು. ಕೈನಡುಕ, ಬೆವರು ಬಂದರೆ ಕೂಡಲೇ ನಿಲ್ಲಿಸಿ ಏನಾದರೂ ಸಿಹಿ ತಿನ್ನಬೇಕು. ಗಾಡಿಯಲ್ಲಿ ಸಕ್ಕರೆ ಪೊಟ್ಟಣ ಇಟ್ಟಿರಿ.
* ಕೆಲವು ನೆಗಡಿ, ಅಲರ್ಜಿ ಮಾತ್ರೆಗಳು ನಿದ್ದೆ ತರಿಸುತ್ತವೆ. ಡಾಕ್ಟರನ್ನು ಕೇಳಿಯೇ ಹೊರಡಲಿ.
* ಬೇಸಿಗೆಯ ಮಧ್ಯಾಹ್ನದ ಪ್ರಯಾಣ ಬೇಡ. ನೀರಿನ ಬಾಟಲಿ ಮರೆಯಬೇಡಿ.
* ಸ್ಕೂಟರ್ ಆದರೆ ಹಿಂದೆ ಕೂರುವ ಅತ್ತೆಯವರಿಗೂ ಹೆಲ್ಮೆಟ್ ಕಡ್ಡಾಯ.

ಗಾಡಿಗೆ ಪದೇ ಪದೇ ಹೊಸ ಗೀರು ಬೀಳುತ್ತಿದೆಯೇ? ದಿನಾ ಓಡಾಡುವ ರಸ್ತೆಯಲ್ಲೇ ತಿರುವು ತಪ್ಪುತ್ತಿದ್ದಾರೆಯೇ? ಹಿಂದಿನವರ ಹಾರ್ನ್ ಕೇಳಿಸುತ್ತಿಲ್ಲವೇ? ಹಾಗಿದ್ದರೆ ಮಾತಾಡುವ ಹೊತ್ತು ಬಂದಿದೆ ಎಂದರ್ಥ.

ಇಲ್ಲೇ ಇರೋದು ಕಷ್ಟ. “ನಲವತ್ತು ವರ್ಷ ಗಾಡಿ ಹೊಡದೀನಿ, ನನಗ ಹೇಳಾಕ ಬಂದೀಯೇನವಾ?” ಅಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮಕ್ಕಳ ಎದುರಿಗೆ, ನೆಂಟರ ಎದುರಿಗೆ ಈ ವಿಷಯ ಎತ್ತಬೇಡಿ. ಬೀಗದ ಕೈ ಬಚ್ಚಿಡುವುದಂತೂ ಬೇಡವೇ ಬೇಡ. ನಿಮ್ಮ ಯಜಮಾನರೋ, ಅವರು ನಂಬುವ ಡಾಕ್ಟರೋ ಹೇಳಲಿ. ಮೊದಲು ರಾತ್ರಿ ಓಡಾಟ, ಆಮೇಲೆ ದೂರದ ಊರು, ಹೀಗೆ ಒಂದೊಂದಾಗಿ ಬಿಡಲಿ. ಬಿಟ್ಟ ಮೇಲೆ ಅವರ ಕಟ್ಟೆ, ಗುಡಿ, ಬ್ಯಾಂಕು ತಪ್ಪಬಾರದು. ಕೇಳುವ ಮುಂಚೆಯೇ ಕರೆದುಕೊಂಡು ಹೋಗುವ ಏರ್ಪಾಡು ನೀವು ಮಾಡಿ. ಗಾಡಿ ಬಿಡುವುದಕ್ಕಿಂತ ಇನ್ನೊಬ್ಬರ ದಾರಿ ಕಾಯುವುದೇ ಹಿರಿಯರಿಗೆ ಹೆಚ್ಚು ನೋವು ಕೊಡುತ್ತದೆ.